ಮೈದುನನ ತಲೆಯ ಮೇಲೊಂದು ಗರಡಿ

ಬಣಕಲ್‌ನಲ್ಲಿ ಹೆದ್ದಾರಿಗೆ ಮುಖ ಮಾಡಿಕೊಂಡು ನಮ್ಮದೊಂದು ಅಂಗಡಿ ಇದೆ. ಸುತ್ತಲಿನ ಸಣ್ಣ ಬೆಳೆಗಾರರು ಜೀಪಿನಲ್ಲಿ ಕಾಫಿ ತಂದು, ತೂಗಿಸಿ, ಮಾರಿ ಹೋಗುತ್ತಾರೆ. ನನ್ನ ಗಂಡ ಮತ್ತು ಮೈದುನ ಸೇರಿ ಅದನ್ನು ನಡೆಸುತ್ತಾರೆ. ಅಂಗಡಿಯ ಹಿಂದೆಯೇ ಮನೆ. ಎಲ್ಲರಿಗೂ ಒಂದೇ ಅಡುಗೆ. ನಾನು ಹಿರಿಸೊಸೆ. ನನಗೆ ನಲವತ್ತೊಂಬತ್ತು ತುಂಬಿದ ವರ್ಷ, ಕೊಯ್ಲಿನ ಕಾಲದ ಒಂದು ಬೆಳಿಗ್ಗೆ ಅಂಗಡಿಯಲ್ಲಿದ್ದವರಿಗೆ ಕಾಫಿ ತೆಗೆದುಕೊಂಡು ಹೋದೆ.

ಮೂಟೆ ತೂಗುವ ಸ್ಕೇಲು ನೆಲದ ಮಟ್ಟದಲ್ಲೇ ಇತ್ತು. ಅಂಗಡಿ ತುಂಬ ಜನ, ಚೀಲ. ಬೇರೆ ದಾರಿಯಿಲ್ಲದೆ ಅದರ ಮೇಲೆ ಕಾಲಿಟ್ಟೆ.

"ಅತ್ತಿಗೆ, ಅಲ್ಲೇ ನಿಲ್ಲಿ! ಅಲುಗಾಡ್ಬೇಡಿ!" ಎಂದ ಮೈದುನ.

ಮೇಲಿಂದ ಏನಾದರೂ ಬೀಳುತ್ತಿದೆಯೇನೋ ಎಂದು ಹೆದರಿ, ಟ್ರೇ ಹಿಡಿದುಕೊಂಡು ಹಾಗೇ ನಿಂತೆ. ಅವನು ಸ್ಕೇಲಿನ ಅಂಕಿ ನೋಡಿದ, ಸೀಮೆಸುಣ್ಣ ತೆಗೆದುಕೊಂಡ. ಆ ದಿನದ ದರ ಬರೆಯುವ ಕಪ್ಪು ಹಲಗೆಯ ಮೇಲೆ ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಚೆರಿ ಎಂಬ ಮೂರು ಸಾಲುಗಳಿದ್ದವು. ಅವುಗಳ ಕೆಳಗೆ ನಾಲ್ಕನೆಯದಾಗಿ ದುಂಡಗೆ ಬರೆದ: 'ಅತ್ತಿಗೆ, ತೊಂಬತ್ತೊಂದು ಕೆ.ಜಿ., ಟ್ರೇ ಸೇರಿ.'

ಅಂಗಡಿಯೆಲ್ಲ ನಕ್ಕಿತು. ಗೋಣಿಬೀಡಿನ ಕಡೆಯ ಬೆಳೆಗಾರನೊಬ್ಬ, "ಸಿಪ್ಪೆ ತೆಗೆದ್ರೆ ಕಾಳು ಎಷ್ಟು ಉಳೀತದೆ ಮಾರಾಯ?" ಎಂದು ಕೇಳಿದ. ಮತ್ತೊಮ್ಮೆ ನಕ್ಕರು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ನನ್ನ ಗಂಡನೂ ನಕ್ಕರು. ಸದ್ದು ಬರಲಿಲ್ಲ, ಹೊಟ್ಟೆ ಕುಣಿಯುವುದು ಮಾತ್ರ ಕಾಣಿಸಿತು. ನಾನು ಎಲ್ಲರಿಗೂ ಕಾಫಿ ಕೊಟ್ಟೆ. ಮೈದುನನಿಗೂ ಕೊಟ್ಟೆ, ಅವನಿಗೆ ಇಷ್ಟವೆಂದು ಸಕ್ಕರೆ ಜಾಸ್ತಿ ಹಾಕಿದ ಲೋಟವನ್ನೇ ಹುಡುಕಿ ಕೊಟ್ಟೆ. ಆ ಒಂದು ಲೋಟಕ್ಕಾಗಿ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮರುದಿನ ದರ ಬದಲಾಯಿತು. ಮೇಲಿನ ಮೂರು ಸಾಲು ಒರೆಸಿ ಹೊಸದಾಗಿ ಬರೆದರು. ನನ್ನ ಸಾಲು ಹಾಗೇ ಇತ್ತು. ಯಾರೋ ಕೇಳಿದ್ದಕ್ಕೆ, "ಅದರಲ್ಲಿ ಏರಿಳಿತ ಇಲ್ಲ" ಎಂದನಂತೆ ಮೈದುನ. ಮೂರನೆಯ ದಿನ ಅಂಗಡಿ ತೆರೆಯುವ ಮೊದಲು ನಾನೇ ಹೋಗಿ ಸೆರಗಿನಿಂದ ಒರೆಸಿ ಬಂದೆ. ಗಂಡನನ್ನು ಕೇಳಿದರೆ, "ತಮಾಷೆಗೆ ಮಾಡಿದ್ದು ಕಣೆ, ಅಷ್ಟಕ್ಕೆಲ್ಲ ಮುಖ ಊದಿಸ್ಕೊಳ್ತಾರಾ?" ಎಂದರು. ಆಮೇಲೆ ನಾನು ಯಾರ ಹತ್ತಿರವೂ ಆ ಮಾತೆತ್ತಲಿಲ್ಲ.

ಅಂಗಡಿಯ ಮೇಲೆ ಹಲಗೆ ಹಾಸಿನ ಒಂದು ಮಹಡಿ ಕೋಣೆ. ಭಾನುವಾರ ಮೈದುನ ಮತ್ತು ಅವನ ಸ್ನೇಹಿತರು ಅಲ್ಲಿ ಇಸ್ಪೀಟು ಆಡುತ್ತಿದ್ದರು. ಹಳೆಯ ಸೋಫಾ, ಒಂದು ಟಿ.ವಿ., ಬೂದಿ ತುಂಬಿದ ತಟ್ಟೆಗಳು. ಆ ಕೋಣೆಯ ಬೀಗದ ಕೈ ಮಾತ್ರ ಮೊದಲಿಂದಲೂ ನನ್ನ ಗೊಂಚಲಿನಲ್ಲಿತ್ತು, ಗುಡಿಸುವವಳು ನಾನಲ್ಲವೇ. ಒಂದು ಸೋಮವಾರ ಮೇಲೆ ಹೋಗಿ ಸೋಫಾವನ್ನು ಬಾಗಿಲವರೆಗೆ ಎಳೆದೆ. ಅಷ್ಟಕ್ಕೇ ಏದುಸಿರು ಬಂತು. ಮೂಟೆ ಹೊರುವ ಹೆಂಗಸನ್ನು ಕರೆದೆ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಇಪ್ಪತ್ತು ವರ್ಷದಿಂದ ನಮ್ಮಲ್ಲಿ ಕೆಲಸಕ್ಕಿರುವವಳು. ಇಬ್ಬರೂ ಸೇರಿ ಸೋಫಾ ಇಳಿಸಿ ಸೌದೆ ಕೊಟ್ಟಿಗೆಗೆ ಹಾಕಿದೆವು.

ಮೈದುನ ಸಿಟ್ಟಿಗೆ ಕುಣಿದಾಡಿದ. ಅತ್ತೆ ಒಳಗಿಂದಲೇ, "ಸಿಗರೇಟಿನ ವಾಸನೆ ದೇವರ ಮನೆವರೆಗೂ ಬರ್ತಿತ್ತು. ಹೋಗ್ಲಿ ಬಿಡು" ಎಂದರು. ಅವರಿಗೆ ನನ್ನ ಉದ್ದೇಶ ಗೊತ್ತಿರಲಿಲ್ಲ. ಗೊತ್ತಿದ್ದರೂ ಹಾಗೇ ಹೇಳುತ್ತಿದ್ದರೇನೋ.

ಮೊದಲು ನಾನೂ ಎಲ್ಲರಂತೆ ಸಣ್ಣಗಾಗಬೇಕೆಂದೇ ಹೊರಟಿದ್ದೆ. ಸೋಫಾ ಇಳಿಸುವ ಮುಂಚೆ ಒಂದು ವಾರ ಹೆದ್ದಾರಿಯ ಬದಿಯಲ್ಲಿ ನಡೆದಿದ್ದೆ. ಬಸ್ಸಿನ ಕಿಟಕಿಯಿಂದ ಪರಿಚಯದವರು ಕೂಗುತ್ತಿದ್ದರು, "ಎಂತ ಅಕ್ಕ, ಕೆ.ಜಿ. ಇಳೀತಾ?" ಸುದ್ದಿ ಮೂಡಿಗೆರೆಯವರೆಗೂ ಹೋಗಿತ್ತು. ಆಗಲೇ ವ್ಯಾಯಾಮ ಮನೆಯೊಳಗೇ ಮಾಡುತ್ತೇನೆಂದು ಮಹಡಿ ಕೋಣೆ ಖಾಲಿ ಮಾಡಿಸಿ ಬಾಗಿಲು ಹಾಕಿಕೊಂಡದ್ದು. ಚಿಕ್ಕಮಗಳೂರಿಗೆ ಮದುವೆಗೆ ಹೋದಾಗ ಎರಡು ಡಂಬೆಲ್, ಒಂದು ಚಾಪೆ ಕೊಂಡೆ. ತವರು ಸಂಸೆಯಿಂದ ಅಮ್ಮನ ಒನಕೆಯನ್ನು ಜೀಪಿನ ಮೇಲೆ ಕಟ್ಟಿಸಿ ತರಿಸಿದೆ. ಅದರ ಎರಡು ತುದಿಗೂ ಮರಳು ತುಂಬಿದ ಎಣ್ಣೆ ಡಬ್ಬ ನೇತುಹಾಕಿದರೆ ಫೋನಿನ ವಿಡಿಯೊದಲ್ಲಿ ತೋರಿಸುವ ಕಬ್ಬಿಣದ ರಾಡಿಗೆ ಏನೂ ಕಡಿಮೆಯಿರಲಿಲ್ಲ. ಗೋಣಿಚೀಲಗಳಿಗೆ ಬರವಿಲ್ಲದ ಮನೆ. ಒಂದರಲ್ಲಿ ಹತ್ತು ಕೆ.ಜಿ. ಮರಳು, ಇನ್ನೊಂದರಲ್ಲಿ ಇಪ್ಪತ್ತು, ಹೀಗೆ ಐವತ್ತರವರೆಗೆ ಐದು ಚೀಲ ಹೊಲಿದು ಗೋಡೆಗೆ ಒರಗಿಸಿಟ್ಟೆ.

ಮೊದಲ ದಿನ ಬಸ್ಕಿ ಹೊಡೆಯಲು ಕೂತವಳು ಏಳಲಾಗಲಿಲ್ಲ. ಕಿಟಕಿಯ ಸರಳು ಹಿಡಿದು ಎದ್ದೆ. ಎರಡನೆಯ ಬಾರಿ ಕೂರುವಾಗ ಮೈದುನನ ದುಂಡನೆಯ ಅಕ್ಷರಗಳನ್ನು ನೆನೆಸಿಕೊಂಡೆ. ಎದ್ದೆ. ಆವತ್ತಿನಿಂದ ನನಗೆ ಬೇರೆ ಮಂತ್ರ ಬೇಕಾಗಲಿಲ್ಲ. ಪ್ರತಿ ಬಸ್ಕಿಗೂ ಆ ಅಂಗಡಿಯಲ್ಲಿ ನಕ್ಕ ಒಂದೊಂದು ಬಾಯಿಯನ್ನು ಜ್ಞಾಪಿಸಿಕೊಳ್ಳುತ್ತಿದ್ದೆ. ಗಂಡನ ಸರದಿ ಬಂದಾಗ ಎರಡು ಹೊಡೆಯುತ್ತಿದ್ದೆ.

ಚೀಲ ಎತ್ತುವುದನ್ನು ಕಲಿಸಿದವಳು ಮೂಟೆ ಹೊರುವ ಆ ಹೆಂಗಸೇ. ನಾನು ಬಾಗಿದ್ದನ್ನು ನೋಡಿ ಓಡಿ ಬಂದು ಹಿಡಿದಳು.

"ಸೊಂಟದಿಂದ ಎತ್ಬೇಡಿ ಅಮ್ಮಾ, ಮುರ್ಕೊಂಡು ಬಿಡ್ತೀರ. ಮೊಣಕಾಲು ಮಡಿಸಿ, ಚೀಲಾನ ಎದೆಗೆ ಅಂಟಿಸ್ಕೊಳ್ಳಿ. ಆಮೇಲೆ ತೊಡೇಲಿ ಏಳಿ. ಬೆನ್ನಿಗೆ ಏನೂ ಗೊತ್ತಾಗ್ಬಾರ್ದು."

"ನೀನು ಇಷ್ಟು ವರ್ಷದಿಂದ ಹೀಗೇ ಎತ್ತುತ್ತಿದ್ಯಾ?"

"ಮತ್ತೆ? ನಮ್ಮನ್ನ ಯಾರೂ ತೂಕ ಮಾಡಿ ನಗಲ್ಲ ಅಮ್ಮಾ. ಹೊರದೇ ಇದ್ರೆ ಮಾತ್ರ ಕೇಳ್ತಾರೆ."

ಎರಡು ತಿಂಗಳು ಕಳೆದ ಮೇಲೆ ನನಗೊಂದು ಸಂಗತಿ ಗೊತ್ತಾಯಿತು. ಮಹಡಿಯ ಹಲಗೆಗಳ ನಡುವೆ ಸಂದುಗಳಿದ್ದವು. ನಾನು ಚೀಲ ಕೆಳಗಿಟ್ಟಾಗ ಆ ಸಂದುಗಳಿಂದ ವರ್ಷಗಳ ಧೂಳು ಉದುರುತ್ತಿತ್ತು. ಕಿಟಕಿಯ ಪಕ್ಕದ ಜಾಗ ಸರಿಯಾಗಿ ಮೈದುನನ ಮೇಜಿನ ಮೇಲಿತ್ತು. ಅದುವರೆಗೆ ಮಧ್ಯಾಹ್ನ ಮಾಡುತ್ತಿದ್ದ ವ್ಯಾಯಾಮವನ್ನು ಬೆಳಿಗ್ಗೆ ಹತ್ತೂವರೆಗೆ ಬದಲಾಯಿಸಿಕೊಂಡೆ. ಅದು ಅವನು ಬೆಳೆಗಾರರನ್ನು ಎದುರಿಗೆ ಕೂರಿಸಿಕೊಂಡು ದರ ಮಾತಾಡುವ ಹೊತ್ತು. ಚೀಲವನ್ನು ಮೆಲ್ಲಗೆ ಇಳಿಸಲು ನನಗೆ ಬರುತ್ತಿತ್ತು. ಇಳಿಸಲಿಲ್ಲ, ಎದೆಯ ಎತ್ತರದಿಂದ ಕೈಬಿಟ್ಟೆ.

ನಾಲ್ಕು ದಿನ ತಡೆದುಕೊಂಡು ಐದನೆಯ ದಿನ ಮೆಟ್ಟಿಲ ಕೆಳಗೆ ನಿಂತು ಕೂಗಿದ. ತಲೆಯ ಮೇಲೆಲ್ಲ ಬೂದುಬಣ್ಣದ ಪುಡಿ.

"ಅತ್ತಿಗೆ, ಸ್ವಲ್ಪ ಮೆಲ್ಲಗೆ ಮಾಡಿ ಮಾರಾಯ್ತಿ! ಕಾಫಿ ಲೋಟದೊಳಗೆಲ್ಲ ಕಸ ಬೀಳ್ತಿದೆ!"

"ತೊಂಬತ್ತೊಂದು ಕೆ.ಜಿ. ಕಣಪ್ಪ. ಮೆಲ್ಲಗೆ ಹ್ಯಾಗೆ ಬೀಳ್ತದೆ?"

ಕೆಳಗೆ ಯಾರೋ ನಕ್ಕರು. ಈ ಸಲದ ನಗು ನನ್ನ ಪಾಲಿಗೆ ಬಂದಿತ್ತು.

ಗಂಡನಿಗೆ ಬೇರೆಯದೇ ಶಿಕ್ಷೆ ಇಟ್ಟಿದ್ದೆ. ಅವರಿಂದ ಯಾವ ಸಹಾಯವನ್ನೂ ಕೇಳುವುದನ್ನು ನಿಲ್ಲಿಸಿದೆ. ಗ್ಯಾಸ್ ಸಿಲಿಂಡರ್ ಬಂದರೆ, ಅವರು ಪೇಪರ್ ಓದುತ್ತ ಕೂತ ಜಗುಲಿಯ ಮೂಲಕವೇ ಎತ್ತಿಕೊಂಡು ಹೋಗುತ್ತಿದ್ದೆ. "ಇಡು, ನಾನು ತರ್ತೀನಿ" ಎಂದು ಅವರು ಅರ್ಧ ಏಳುತ್ತಿದ್ದರು. "ಕೂತ್ಕೊಳ್ಳಿ" ಎನ್ನುತ್ತಿದ್ದೆ. ಅವರು ಕೂರುತ್ತಿದ್ದರು. ಪೇಪರಿನ ಹಾಳೆ ಮಾತ್ರ ತುಂಬಾ ಹೊತ್ತು ಮಗುಚುತ್ತಿರಲಿಲ್ಲ.

ಮುಂದಿನ ವರ್ಷ ಮಾವನವರ ಪುಣ್ಯತಿಥಿಗೆ ನೆಂಟರೆಲ್ಲ ಬಂದಿದ್ದರು. ಊಟವಾದ ಮೇಲೆ ಮೈದುನ ಹತ್ತು ಹನ್ನೆರಡು ಜನರನ್ನು ಮೆಟ್ಟಿಲು ಹತ್ತಿಸಿಕೊಂಡು ಬಂದ. "ಬನ್ನಿ, ನಮ್ಮ ಅತ್ತಿಗೆಯವ್ರ ಸರ್ಕಸ್ ಕಂಪನಿ ತೋರಿಸ್ತೀನಿ" ಎಂಬ ಅವನ ಮಾತು ಅಡುಗೆಮನೆಗೇ ಕೇಳಿಸಿತು. ಕೈ ಒರೆಸಿಕೊಂಡು ನಾನೂ ಮೇಲೆ ಹೋದೆ. ಅವನು ಐವತ್ತು ಕೆ.ಜಿ.ಯ ಚೀಲಕ್ಕೆ ಕಾಲಿನಿಂದ ತಿವಿಯುತ್ತ, "ಇದರೊಳಗೆ ಹತ್ತಿ ತುಂಬಿರ್ತಾರೆ, ಸದ್ದು ಬರೋದು ಅತ್ತಿಗೆ ಕುಣಿಯೋದ್ರಿಂದ" ಎನ್ನುತ್ತಿದ್ದ.

ನಾನು ಸೆರಗು ಸಿಕ್ಕಿಸಿ, ಮೊಣಕಾಲು ಮಡಿಸಿ, ಚೀಲವನ್ನು ಎದೆಗೆ ತಂದು ಎದ್ದು ನಿಂತೆ. ನಾಲ್ಕು ಹೆಜ್ಜೆ ನಡೆದು ಅವನ ಕಾಲಬುಡದಲ್ಲಿ ಇಳಿಸಿದೆ, ಮೆಲ್ಲಗೆ.

"ಹತ್ತಿಯಲ್ವಾ? ಎತ್ತು ನೋಡುವ."

ನೆಂಟರ ಎದುರು ಅವನಿಗೆ ಬೇರೆ ದಾರಿ ಉಳಿಯಲಿಲ್ಲ. ಪಂಚೆ ಎತ್ತಿ ಕಟ್ಟಿದ. ಮೊಣಕಾಲು ನೆಟ್ಟಗೆ, ಬೆನ್ನು ಕೊಕ್ಕೆಯ ಹಾಗೆ ಬಾಗಿ, ಚೀಲ ಮೈಯಿಂದ ಒಂದು ಮೊಳ ದೂರ. ಮುಂದೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಮೂಟೆ ಹೊರುವ ಹೆಂಗಸಿಗೂ ಗೊತ್ತಿತ್ತು. ಅವಳು ನನ್ನ ಮುಖ ನೋಡಿದಳು. 'ಮೊಣಕಾಲು ಮಡಿಸು' ಎನ್ನಲು ಎಷ್ಟು ಹೊತ್ತು ಬೇಕು? ಹೇಳುವಷ್ಟು ಸಮಯವಿತ್ತು. ನಾನು ಹೇಳಲಿಲ್ಲ.

ಚೀಲ ಗೇಣುದ್ದ ಎದ್ದಿತು. ಅವನು "ಅಮ್ಮಾ" ಎಂದ. ಆಮೇಲೆ ಚೀಲವೂ ಅವನೂ ಒಟ್ಟಿಗೆ ಕೆಳಗೆ ಬಂದರು. ಎತ್ತಲು ಹೋದವರನ್ನೆಲ್ಲ "ಮುಟ್ಬೇಡಿ, ಮುಟ್ಬೇಡಿ" ಎಂದು ಅರಚಿದ. ಮೂಡಿಗೆರೆಯ ಡಾಕ್ಟರ ಹತ್ತಿರ ಕರೆದೊಯ್ಯಲು ಜೀಪಿನವರೆಗೆ ಹಲಗೆಯ ಮೇಲೆ ಮಲಗಿಸಿ ಹೊರಬೇಕಾಯಿತು. ತಲೆಯ ಕಡೆ ಇಬ್ಬರು ಗಂಡಸರು, ಕಾಲಿನ ಕಡೆ ನಾನು ಮತ್ತು ಆ ಹೆಂಗಸು.

ಇಪ್ಪತ್ತು ದಿನ ಮಲಗಿದ. ನನಗೆ ಮರುಕ ಬರಬೇಕಿತ್ತೆಂದು ಓದುವವರಿಗೆ ಅನಿಸಬಹುದು. ಬರಲಿಲ್ಲ. ಮಧ್ಯಾಹ್ನ ಗಂಜಿ ತೆಗೆದುಕೊಂಡು ಹೋಗಿ, ಹಾಸಿಗೆಯ ಪಕ್ಕ ಕೂತು, ಬಂದವರಿಗೆಲ್ಲ ಕೇಳಿಸುವಂತೆ, "ಹತ್ತಿ ಎತ್ತಕ್ಕೆ ಹೋಗಿ ಹೀಗಾಯ್ತು" ಎಂದು ವಿವರಿಸುತ್ತಿದ್ದೆ. ಅವನು ಗೋಡೆಯ ಕಡೆ ತಿರುಗಲು ನೋಡುತ್ತಿದ್ದ, ತಿರುಗಲಾಗುತ್ತಿರಲಿಲ್ಲ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಅವನ ಹೆಂಡತಿ, ನನ್ನ ವಾರಗಿತ್ತಿ, ಮಹಡಿಗೆ ಬಂದಳು. ಮಾತು ಕಡಿಮೆಯ ಹುಡುಗಿ, ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಗಂಡನಿಗೆ ಹೀಗೆ ಮಾಡಿದ್ದಕ್ಕೆ ಜಗಳಕ್ಕೆ ಬಂದಳೆಂದು ನಾನೂ ಸಿದ್ಧಳಾದೆ. ಅವಳು ಹತ್ತು ಕೆ.ಜಿ.ಯ ಚೀಲವನ್ನೇ ನೋಡುತ್ತ ನಿಂತಳು.

"ಅಕ್ಕ, ನನಗೂ ಹೇಳಿಕೊಡ್ತೀರಾ?"

"ನಿನಗ್ಯಾಕೆ? ನೀನು ಕಡ್ಡಿ ಥರ ಇದೀಯ."

"ಅದೇ ಅಕ್ಕ. ಅವ್ರು ದಿನಾ ಹೇಳೋದು ಅದನ್ನೇ. ಒಣಗಿದ ಕಾಫಿ ಕಡ್ಡಿ ಅಂತ. ನಿಮಗೆ ಬೋರ್ಡಲ್ಲಿ ಒಂದು ಸಲ ಬರೆದ್ರು." ಅವಳು ಅತ್ತಳೋ ಇಲ್ಲವೋ ನೆನಪಿಲ್ಲ. ಚೀಲದ ಕಿವಿ ಹಿಡಿದು ಎಳೆದುಕೊಂಡದ್ದು ನೆನಪಿದೆ.

ಹನ್ನೆರಡು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದೆವು, ನಾನು ಅವಳನ್ನು ಒಂದು ಮಾತು ಕೇಳಿರಲಿಲ್ಲ. ನಾಚಿಕೆಯಾಯಿತು. ಜೊತೆಗೆ, ಆರಿಹೋಗುತ್ತಿದ್ದ ನನ್ನ ಸಿಟ್ಟಿಗೆ ಹೊಸ ಸೌದೆಯೂ ಸಿಕ್ಕಿತು. ಅವಳಿಗೆ ಮೊಣಕಾಲು ಮಡಿಸುವುದನ್ನು ಮೊದಲು ಹೇಳಿಕೊಟ್ಟೆ.

ಮಳೆ ಹಿಡಿಯುವ ಹೊತ್ತಿಗೆ ಮೈದುನ ಎದ್ದು ಓಡಾಡತೊಡಗಿದ. ಡಾಕ್ಟರು ಬೆನ್ನು ಗಟ್ಟಿಯಾಗಲು ದಿನಾ ವ್ಯಾಯಾಮ ಮಾಡಲೇಬೇಕೆಂದು, ಮಾಡುವ ರೀತಿ ಬರೆದ ಹಾಳೆ ಕೊಟ್ಟಿದ್ದರು. ಮನೆಯಲ್ಲಿ ಚಾಪೆ, ಜಾಗ, ಹಿಡಿದುಕೊಳ್ಳಲು ಸರಳು ಇದ್ದದ್ದು ಒಂದೇ ಕಡೆ. ಅವನು ಅಣ್ಣನಿಂದ ಹೇಳಿಸಿದ. ನಾನು ಕೇಳಿಸಲಿಲ್ಲವೆಂದೆ. ಹೆಂಡತಿಯಿಂದ ಹೇಳಿಸಲು ನೋಡಿದ, ಅವಳು "ನೀವೇ ಕೇಳಿ" ಎಂದಳಂತೆ. ಕೊನೆಗೆ ಅತ್ತೆಯ ಎದುರು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ.

"ಅತ್ತಿಗೆ, ಮೇಲಿನ ಕೋಣೇಲಿ ಸ್ವಲ್ಪ ಹೊತ್ತು..."

"ಜೋರಾಗಿ ಹೇಳು, ಒಗ್ಗರಣೆ ಸದ್ದು."

ಮೂರು ಸಲ ಹೇಳಿಸಿದೆ. ಅತ್ತೆ ಬೆಳ್ಳುಳ್ಳಿ ಬಿಡಿಸುತ್ತ ನಮ್ಮಿಬ್ಬರನ್ನೂ ನೋಡಿದರು. ಬೆಳಿಗ್ಗೆ ಐದೂವರೆಗೆ ಬರಬೇಕೆಂದು ಹೇಳಿದೆ. ಆರಕ್ಕಾದರೆ ಆಗುವುದೇ ಎಂದು ಕೇಳಿದ. ಆಗುವುದಿಲ್ಲವೆಂದೆ. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಆವತ್ತೂ ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ. ಬಂದರೆ ಏನು ಮಾಡಬೇಕೆಂದು ನನಗೂ ಗೊತ್ತಿಲ್ಲ.

ಹಾಳೆಯಲ್ಲಿದ್ದ ಮೊದಲ ವ್ಯಾಯಾಮ, ಅಂಗಾತ ಮಲಗಿ, ಮೊಣಕಾಲು ಮಡಿಸಿ, ಸೊಂಟವನ್ನು ಮೇಲೆತ್ತಿ ಹತ್ತು ಎಣಿಸುವವರೆಗೆ ಹಿಡಿಯುವುದು. ಎಣಿಸುವ ಕೆಲಸ ನನ್ನದು. ಆಚೆ ಬದಿಯಲ್ಲಿ ವಾರಗಿತ್ತಿ ಇಪ್ಪತ್ತು ಕೆ.ಜಿ.ಯ ಚೀಲದೊಂದಿಗೆ ಬಸ್ಕಿ ಹೊಡೆಯುತ್ತಿದ್ದಳು. ಹೊರಗೆ ಮಳೆ, ಒಳಗೆ ಹಲಗೆಯ ಥಂಡಿ. ಆರರವರೆಗೆ ಸರಿಯಾಗಿಯೇ ಎಣಿಸಿದೆ. ಅವನ ತೊಡೆ ನಡುಗತೊಡಗಿತ್ತು.

"ಇನ್ನೆಷ್ಟು ಅತ್ತಿಗೆ?"

ಏಳು ಎನ್ನುವ ಕಡೆ, "ಆರು," ಎಂದೆ. ಒಂದು ಉಸಿರು ಎಳೆದುಕೊಂಡು, ಮತ್ತೆ "ಆರು," ಎಂದೆ.

ವಾರಗಿತ್ತಿ ತಲೆಯೆತ್ತಿ ನೋಡಿದಳು. ತನ್ನ ಚೀಲವನ್ನು ಸರಿಪಡಿಸಿಕೊಂಡು ಮತ್ತೆ ಕೂತಳು.