ಗಡಿಯಾಚೆ ಹೋದ ಎಳ್ಳು

ಆಗೆಲ್ಲ ನಮ್ಮ ಮನೆಗೆ ಸಂಕ್ರಾಂತಿ ಬರುತ್ತಿದ್ದುದು ರೇಡಿಯೇಟರ್ ಮೇಲೆ. ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್ ಅಂಚಿನ ಫ್ಲೆಮಿಂಗ್ಸ್‌ಬೆರ್ಯ್‌ನ ಜನವರಿಯಲ್ಲಿ ಮಧ್ಯಾಹ್ನ ಮೂರೂವರೆಗೇ ಕತ್ತಲು. ಕೊಬ್ಬರಿ, ಬೆಲ್ಲದ ಚೂರು ಒಣಗಿಸೋಕೆ ಬಿಸಿಲು ಎಲ್ಲಿಂದ ತರುವುದು? ಅಮ್ಮ ಕಿಟಕಿ ಕೆಳಗೆ ಮನೆ ಬೆಚ್ಚಗಿಡುವ ರೇಡಿಯೇಟರ್ ಮೇಲೆ ಹಲಗೆಯಿಟ್ಟು, ಅಪ್ಪನ ಹಳೇ ಪಂಚೆ ಹಾಸಿ, ಅದರ ಮೇಲೆ ಹರವುತ್ತಿದ್ದಳು. ಒಂದು ವರ್ಷ ಅಪ್ಪ ಬೇಗ ಒಣಗಲೆಂದು ಹಲಗೆಯನ್ನು ತೆಗೆದುಬಿಟ್ಟರು. ಬೆಲ್ಲ ಕರಗಿ ಸಂದಿಗೊಂದಿಗೆಲ್ಲ ಇಳಿಯಿತು. ಮಾರ್ಚ್‌ವರೆಗೂ ಮನೆಯಲ್ಲಿ ಪಾಯಸದ ವಾಸನೆ. ಪಕ್ಕದ ಕ್ಯಾಂಪಸ್ಸಿನಲ್ಲಿ ಅದೇನೋ ದೊಡ್ಡ ಸಂಶೋಧನೆ ಮಾಡುತ್ತಿದ್ದ ಅಪ್ಪನಿಗೆ ಆಮೇಲೆ ಅಮ್ಮ ಅಡುಗೆಮನೆಯಲ್ಲಿ ಯಾವ ಪ್ರಯೋಗಕ್ಕೂ ಅವಕಾಶ ಕೊಡಲಿಲ್ಲ.

ಬೆಲ್ಲ, ಕೊಬ್ಬರಿ, ಹುರಿಗಡಲೆ ತುಮಕೂರಿನಿಂದ ಸೂಟ್‌ಕೇಸಿನಲ್ಲಿ ಬರುತ್ತಿದ್ದವು. ಎಳ್ಳು ಮಾತ್ರ ಇಥಿಯೋಪಿಯಾದಿಂದ. ಕೆಳಗಿನ ಮನೆಯ ತಡೆಸೆ ಅಂಕಲ್ ಆ ದೇಶದವರು. ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ಅವರ ಮಗಳು ಹನ್ನಾ ನನ್ನ ಕ್ಲಾಸಿನವಳು. ನಾವು ಆ ಕಟ್ಟಡಕ್ಕೆ ಬಂದ ಮೊದಲ ವರ್ಷ ಹನ್ನಾ ಮನೆಗೆ ಒಯ್ದ ಎಳ್ಳುಬೆಲ್ಲವನ್ನು ಬಾಯಿಗೆ ಹಾಕಿಕೊಂಡ ಅಂಕಲ್ ಮೆಟ್ಟಿಲು ಹತ್ತಿ ಬಂದು, "ಬೆಲ್ಲ ಚೆನ್ನಾಗಿದೆ, ಎಳ್ಳು ಮುಗ್ಗಲು" ಎಂದು ತೀರ್ಪು ಕೊಟ್ಟರು. ಅವರು ಆಡುತ್ತಿದ್ದುದು ಸ್ವೀಡಿಷ್. ಅಮ್ಮನಿಗೆ ನಾನೇ ದುಭಾಷಿ. ಆ ವರ್ಷ ಎಳ್ಳೂ ತುಮಕೂರಿನದೇ. ಅಮ್ಮನಿಗೆ ಸಿಟ್ಟು ಬಂತು. ಮುಂದಿನ ವರ್ಷ ಅವರು ಬಟ್ಟೆಯ ಚೀಲದಲ್ಲಿ ತಂದುಕೊಟ್ಟ ಎಳ್ಳನ್ನು ಹುರಿದಾಗ ಮನೆಯೆಲ್ಲ ಘಮ್ಮೆಂದಿತು. ಸಿಟ್ಟು ಅಲ್ಲಿಗೆ ಇಳಿಯಿತು.

ಸುಡಾನ್ ಗಡಿಯ ಹತ್ತಿರ ಅವರ ತಮ್ಮನಿಗೆ ಎಳ್ಳಿನ ಹೊಲವಿತ್ತು. ಕೊಯ್ಲಾದ ಮೇಲೆ ಸ್ಟಾಕ್‌ಹೋಮ್‌ಗೆ ಬರುವ ಯಾರ ಕೈಯಲ್ಲಾದರೂ ಒಂದು ಚೀಲ ಬರುತ್ತಿತ್ತು. ಅರ್ಧ ನಮಗೆ. "ಎಳ್ಳನ್ನ ಬರಿಗೈಲಿ ಇಸ್ಕೋಬಾರ್ದು ಕಣೇ" ಎಂದು ಅಮ್ಮ ಬದಲಿಗೆ ಒಂದು ಡಬ್ಬಿ ಚಟ್ನಿಪುಡಿ ಕಳಿಸುತ್ತಿದ್ದಳು. ಅದನ್ನು ಅವರು ತಮ್ಮ ಹುಳಿ ರೊಟ್ಟಿಗೆ ಉದುರಿಸಿಕೊಂಡು ತಿನ್ನುತ್ತಿದ್ದರು.

ಅವರ ಮನೆಯಲ್ಲಿ ಕಾಫಿಬೀಜ ಹುರಿಯುವ ಘಾಟು ಬಂದರೆ ನಾನು ಕೆಳಗಿಳಿಯುತ್ತಿದ್ದೆ, ಕಾಫಿಗಲ್ಲ, ಅದರ ಜೊತೆ ಕೊಡುವ ಪಾಪ್‌ಕಾರ್ನಿಗೆ. ಆಗ ಅಂಕಲ್ ಹೊಲದ ಮಾತು ತೆಗೆಯುತ್ತಿದ್ದರು. ಗಿಡ ನನ್ನಷ್ಟೇ, ಹನ್ನಾಳಷ್ಟೇ ಎತ್ತರವಂತೆ. ಕಾಯಿ ಒಣಗಿದರೆ ತಾನೇ ಬಾಯಿ ಬಿಟ್ಟು ಕಾಳು ಉದುರಿಸುತ್ತದಂತೆ. ಅದಕ್ಕೇ ಮೊದಲೇ ಕೊಯ್ದು, ಕಟ್ಟು ಕಟ್ಟಿ ನಿಲ್ಲಿಸಿ, ಒಣಗಿದ ಮೇಲೆ ಬಟ್ಟೆಯ ಮೇಲೆ ತಲೆಕೆಳಗು ಮಾಡಿ ಬಡಿಯಬೇಕು. "ಎರಡು ದಿನ ಸೋಮಾರಿಯಾದರೆ ವರ್ಷದ ಕೂಳು ಮಣ್ಣುಪಾಲು" ಎನ್ನುತ್ತಿದ್ದರು.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ, ನಾನು ಮೂರನೇ ಕ್ಲಾಸು ಮುಗಿಸಿದ್ದೆ, ಅಂಕಲ್ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಕೂಗಾಡತೊಡಗಿದರು. ದಿನಾ. ಬಿತ್ತನೆಗೆ ಹೊರಟ ತಮ್ಮನನ್ನು ಸುಡಾನಿನ ಸೈನಿಕರು ತಡೆದು, ಈ ಹೊಲ ಇನ್ನು ಸುಡಾನಿನದು, ಸಾಮಾನು ಎತ್ತಿಕೊಂಡು ಹೋಗು ಅಂದರಂತೆ. ಗಡಿ ಎಲ್ಲಿ ಎಂಬ ಜಗಳ ಅಜ್ಜಂದಿರ ಕಾಲದ್ದು. ಈಗ ಎರಡೂ ಸರ್ಕಾರ ಕೂತು ಮುಗಿಸಿಕೊಂಡಿದ್ದವು. ಉತ್ತವನನ್ನು ಯಾರೂ ಕೇಳಿರಲಿಲ್ಲ. ತಮ್ಮ ತನ್ನದೇ ಸರ್ಕಾರದ ಕಚೇರಿಗೆ ಹೋಗಿ ಕೇಳಿದರೆ, ಯಾರ ಜಮೀನೂ ಹೋಗಿಲ್ಲ ಎಂಬ ಉತ್ತರ ಬಂತಂತೆ. ಅದನ್ನು ಹೇಳುವಾಗ ಅಂಕಲ್ ಧ್ವನಿ ಸಣ್ಣದಾಗಿತ್ತು.

"ಬೇಲಿನೇ ಎದ್ದು ಹೊಲ ಮೇಯ್ದ್ರೆ ಇನ್ಯಾರ ಹತ್ರ ಹೇಳ್ಕೊಳ್ಳೋದು ಪಾಪ" ಎಂದಳು ಅಮ್ಮ. ನಾನು ಅದನ್ನೂ ಸ್ವೀಡಿಷ್‌ಗೆ ಮಾಡಿ ಹೇಳಿದೆ. ಅಂಕಲ್ ತುಸು ಯೋಚಿಸಿ, ಹೌದೆಂದು ತಲೆಯಾಡಿಸಿದರು.

ಒಂದು ಶನಿವಾರ ಅವರೂ ಅವರ ದೇಶದವರೂ ಸ್ಟಾಕ್‌ಹೋಮ್‌ನ ಚೌಕದಲ್ಲಿ ಫಲಕ ಹಿಡಿದು ನಿಂತರು. ಅಂಕಲ್ ಕೈಯಲ್ಲಿದ್ದ ಫಲಕದ ಅಕ್ಷರಗಳಿಗೆ ಕೆಂಪು ಬಣ್ಣ ಹಚ್ಚಿದವರು ನಾನು ಮತ್ತು ಹನ್ನಾ. ಅಷ್ಟು ನೀಟಾಗಿ ಬರೆದ ಮೇಲೆ ಸರ್ಕಾರ ಹೊಲ ವಾಪಸ್ ಕೊಟ್ಟೇ ಕೊಡುತ್ತದೆ ಎಂದು ನಾನು ನಂಬಿದ್ದೆ. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಆ ಚಳಿಗಾಲ ಚೀಲ ಬರಲಿಲ್ಲ.

ಅಮ್ಮ ಹಬ್ಬ ಬಿಡುವವಳಲ್ಲ. ಸ್ಟೇಷನ್ ಹತ್ತಿರದ ಅಂಗಡಿಗೆ ನನ್ನನ್ನು ಕರೆದುಕೊಂಡು ಹೋಗಿ ಎಳ್ಳಿನ ಪ್ಯಾಕೆಟ್ ಕೊಂಡಳು. ಮನೆಗೆ ಬಂದು, ಪ್ಯಾಕೆಟಿನ ಹಿಂದೆ ಬರೆದಿದ್ದನ್ನು ಓದುವ ನನ್ನ ಮಾಮೂಲಿ ಕೆಲಸ ಮಾಡಿದೆ. ಬೆಳೆದ ದೇಶ: ಸುಡಾನ್.

ಬಾಣಲೆ ಒಲೆಗಿಟ್ಟಿದ್ದ ಅಮ್ಮ ತಿರುಗಿದಳು. "ಇನ್ನೊಂದ್ಸಲ ಸರಿಯಾಗಿ ನೋಡೇ."

"ಸುಡಾನ್ ಅಂತಾನೇ ಇದೆ ಅಮ್ಮ."

"ಅಯ್ಯೋ. ಅವ್ರಿಗೆ ಹೇಳೋಕೆ ಹೋಗ್ಬೇಡ ಮತ್ತೆ. ಮೊದ್ಲು ಅದನ್ನ ಆಚೆ ಎಸಿ." ಎಳ್ಳನ್ನು ಬಾಣಲೆಗೆ ಸುರಿದು ಖಾಲಿ ಪ್ಯಾಕೆಟನ್ನು ನನ್ನ ಕೈಗಿಟ್ಟಳು. ನೆಲಮಾಳಿಗೆಯಲ್ಲಿ ಇಡೀ ಕಟ್ಟಡಕ್ಕೊಂದು ಕಸದ ಕೋಣೆಯಿತ್ತು. ಅಲ್ಲಿನ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ ಬಂದೆ.

ಹಬ್ಬದ ದಿನ ರೇಷ್ಮೆ ಲಂಗದೊಳಗೆ ಉಣ್ಣೆಯ ಪ್ಯಾಂಟು ತೊಟ್ಟು, ಅಮ್ಮನ ಜೊತೆ ಎಳ್ಳು ಬೀರಲು ಕೆಳಗೆ ಹೋದೆ. ಅಂಕಲ್ ಎರಡೂ ಕೈಯೊಡ್ಡಿ ಈಸಿಕೊಂಡರು. ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಿ ಎನ್ನುವುದನ್ನು ಅವರಿಗೆ ಹಿಂದೆಯೇ ಕಲಿಸಿದ್ದೆ. "ಒಲ್ಲೆ ಮಾತಾಡಿ" ಎಂದು ತಮ್ಮ ರಾಗದಲ್ಲಿ ಹೇಳಿ ಬಾಯಿಗೆ ಹಾಕಿಕೊಂಡರು. ಅಗಿಯುತ್ತಿದ್ದವರು ನಿಲ್ಲಿಸಿದರು. ಅಂಗೈಯಲ್ಲಿ ಉಳಿದಿದ್ದನ್ನು ಬೆರಳಿನಿಂದ ಸರಿಸಿ, ಬರೀ ಎಳ್ಳನ್ನು ಆರಿಸಿ, ಮೂಸಿ ನೋಡಿದರು.

"ಈ ಎಳ್ಳು ಎಲ್ಲಿಯದು?"

ಅಮ್ಮನಿಗೆ ಅಷ್ಟು ಸ್ವೀಡಿಷ್ ಅರ್ಥವಾಗುತ್ತಿತ್ತು. "ಅಂಗಡೀದು ಅನ್ನೇ" ಎಂದಳು. ಹೇಳಿದೆ.

"ಯಾವ ದೇಶದ್ದು?"

ಈ ಸಲ ಅಮ್ಮನ ಕಡೆ ತಿರುಗಲಿಲ್ಲ. ನನ್ನ ಬಾಯಲ್ಲೂ ಎಳ್ಳುಬೆಲ್ಲವಿತ್ತು. "ಇಂಡಿಯಾದ್ದು" ಎಂದೆ.

ಅಂಕಲ್ ನನ್ನನ್ನೇ ನೋಡಿದರು. ಆಮೇಲೆ, "ಇಂಡಿಯಾದ ಎಳ್ಳು ಸುಧಾರಿಸಿದೆ" ಎಂದು ಅಂಗೈಯಲ್ಲಿದ್ದುದನ್ನೆಲ್ಲ ಒಂದು ಕಾಳೂ ಬಿಡದೆ ತಿಂದರು. ಬದುಕಿದೆ ಅಂದುಕೊಂಡೆ.

ಒಂದು ವಾರ ಕಳೆದು, ಗುಡ್ಡದಲ್ಲಿ ಹಿಮದ ಮೇಲೆ ಜಾರಾಡಿ, ಒದ್ದೆ ಕೈಗವಸು ಹಿಡಿದುಕೊಂಡು ಹನ್ನಾ ಮನೆಗೆ ಹೋದೆ. ಅವರ ಫ್ರಿಜ್ಜಿನ ಬಾಗಿಲಿನಲ್ಲಿ ಅಯಸ್ಕಾಂತದ ಕೆಳಗೆ ನಾನು ಎಸೆದ ಪ್ಯಾಕೆಟ್ ಇತ್ತು. ಹಿಂಬದಿಯನ್ನಷ್ಟೇ ನೀಟಾಗಿ ಕತ್ತರಿಸಿದ್ದರು. ಸುಡಾನ್ ಎಂಬುದನ್ನು ನೀಲಿ ಪೆನ್ನಿನ ಗೆರೆಯಿಂದ ಹೊಡೆದುಹಾಕಿದ್ದರು. ಅದರ ಮೇಲೆ ಅವರ ಲಿಪಿಯಲ್ಲಿ ಏನೋ ಬರೆದಿತ್ತು.

"ಏನದು?" ಎಂದು ಪಿಸುಗುಟ್ಟಿದೆ.

"ಚಿಕ್ಕಪ್ಪನ ಊರಿನ ಹೆಸರು" ಎಂದಳು ಹನ್ನಾ.

ಅಂಕಲ್ ಒಲೆಯ ಮುಂದೆ ಬೆನ್ನು ಹಾಕಿ ನಿಂತು ಕಾಫಿಬೀಜ ಹುರಿಯುತ್ತಿದ್ದರು. ನನಗೆ ಓಡಿಹೋಗಬೇಕೆನಿಸಿತು. ಅವರು ತಿರುಗದೆ ಕೇಳಿದ್ದು ಒಂದೇ ಮಾತು: "ಪಾಪ್‌ಕಾರ್ನಿಗೆ ಉಪ್ಪು ಹಾಕಲಾ?"

ಈಗ ನಾನು ಸ್ವೀಡನ್ನಿನದೇ ಇನ್ನೊಂದು ಊರು ಮಾಲ್ಮೋದಲ್ಲಿದ್ದೇನೆ. ತಡೆಸೆ ಅಂಕಲ್ ತೀರಿಕೊಂಡರು. ಅವರ ತಮ್ಮ ಇಥಿಯೋಪಿಯಾದಲ್ಲೇ ಯಾವುದೋ ಪಟ್ಟಣದಲ್ಲಿ ಆಟೋ ಓಡಿಸುತ್ತಾನೆಂದು ಹನ್ನಾ ಹೇಳುತ್ತಿರುತ್ತಾಳೆ. ಹೊಲ ಅವನಿಗೆ ಮತ್ತೆ ಸಿಗಲಿಲ್ಲ. ಬಟ್ಟೆಯ ಚೀಲದ ಆ ಎಳ್ಳಿನ ಘಮವೂ ನಮಗೆ ಮತ್ತೆ ಸಿಗಲಿಲ್ಲ. ಸಂಕ್ರಾಂತಿಗೆ ಅಂಗಡಿಯ ಎಳ್ಳು ಹುರಿಯುತ್ತೇನೆ, ಪ್ಯಾಕೆಟಿನ ಹಿಂದೆ ಓದುತ್ತೇನೆ, ಸಿಕ್ಕಸಿಕ್ಕವರಿಗೆ ಒಳ್ಳೆ ಮಾತಾಡಿ ಎಂದು ಹಂಚುತ್ತೇನೆ. ಆ ಸುಳ್ಳಿನ ಬಗ್ಗೆ ಅಂಕಲ್ ಸಾಯುವವರೆಗೂ ಒಂದು ಮಾತೆತ್ತಲಿಲ್ಲ. ನಮ್ಮ ಎಳ್ಳುಬೆಲ್ಲ ತಿಂದು, ಒಳ್ಳೆ ಮಾತಾಡುವ ಆ ಮಾತು ಉಳಿಸಿಕೊಂಡವರು ಅವರೊಬ್ಬರೇ.