ಹೊಟ್ಟೆ ತುಂಬಿದ್ದೂ ಹಸಿದು ಸತ್ತ ಜಿಂಕೆಗಳು

ಅವಳನ್ನು ಎಲ್ಲರೂ ಬೇಲಿಯಕ್ಕ ಎನ್ನುತ್ತಿದ್ದರು. ಜಿಂಕೆವನದ ತಂತಿಬೇಲಿಯ ಉದ್ದಕ್ಕೂ ಇಕ್ಕಳ ಹಿಡಿದು ನಡೆಯುವುದು, ಸಡಿಲವಾದ ತಂತಿ ಬಿಗಿಯುವುದು ಅವಳ ಕೆಲಸ. ಗಂಡ ತೀರಿಕೊಂಡ ಮೇಲೆ ಅವನ ಕೆಲಸವೇ ಅವಳಿಗೆ ಬಂದಿತ್ತು. ಕೈಗೆ ಸಿಕ್ಕ ಎಲೆ ಕಿತ್ತು ಜಗಿಯುವ ಚಾಳಿಯೊಂದಿತ್ತು. "ನಮ್ಮಮ್ಮಂದು ಜಿಂಕೆ ಜಾತಿ," ಎಂದು ಮಗಳು ನಗುತ್ತಿದ್ದಳು.

ಆ ಬೇಸಿಗೆಯಲ್ಲಿ ಹುಲ್ಲು ಸುಟ್ಟುಹೋಯಿತು. ಬೇಲಿಯೊಳಗೆ ಜಿಂಕೆಗಳು ಕಿಕ್ಕಿರಿದಿದ್ದವು. ಹಸಿರು ಉಳಿದದ್ದು ಜಾಲಿಮರಗಳಲ್ಲಿ ಮಾತ್ರ. ಮೊದಲು ಒಂದು ಗಂಡು ಜಿಂಕೆ ಸತ್ತಿತು. ಮರುದಿನ ಎರಡು ಹೆಣ್ಣು. ಗಾಯವಿಲ್ಲ, ಬಾಯಲ್ಲಿ ನೊರೆಯಿಲ್ಲ. ದನದ ಡಾಕ್ಟರು ಹೊಟ್ಟೆ ಕೊಯ್ದು ಒಂದು ಹಿಡಿ ಎಲೆ ಹೊರತೆಗೆದರು.

"ಅಕ್ಕ, ಹೊಟ್ಟೆ ತುಂಬ ಎಲೆ ಇದೆ. ಒಂದೂ ಅರಗಿಲ್ಲ. ಉಪವಾಸ ಬಿದ್ದು ಸತ್ತ ಹಾಗಿದೆ."

ಅವಳು ಪಕ್ಕದ ಜಾಲಿಯ ಎಲೆ ಬಾಯಿಗೆ ಹಾಕಿಕೊಂಡಳು. ಎಳೆ ಬಾಳೆಕಾಯಿ ಕಚ್ಚಿದಂಥ ಒಗರು, ನಾಲಿಗೆಯೇ ಮರಗಟ್ಟಿತು. ತಂತಿಯ ಸಂದಿಯಲ್ಲಿ ಕೈ ಚಾಚಿ ಹೊರಗಿನ ಜಾಲಿಯ ಎಲೆ ಕಿತ್ತಳು. ಅದು ಎಂದಿನಂತೆ ಸಪ್ಪೆ.

ಬೇಲಿಯ ಒಂದು ಮೂಲೆಯಲ್ಲಿ ಇನ್ನೂ ಸಪ್ಪೆಯಾಗಿದ್ದ ಮೂರು ಮರಗಳಿದ್ದವು. ಅವಳು ನಡುವಿನ ಮರದ ಎಲೆಗಳನ್ನು ಕೋಲಿನಿಂದ ಚೆನ್ನಾಗಿ ಬಡಿದು, ಬುತ್ತಿ ಉಂಡು ಬಂದು ಜಗಿದಳು. ಒಗರು. ಗಾಳಿ ಹೋಗುತ್ತಿದ್ದ ದಿಕ್ಕಿನ ಮರವನ್ನು ಯಾರೂ ಮುಟ್ಟಿರಲಿಲ್ಲ. ಅದರ ಎಲೆಯೂ ಒಗರು. ಗಾಳಿ ಬರುತ್ತಿದ್ದ ಕಡೆಯದು ಮಾತ್ರ ಸಪ್ಪೆ. ಅವಳ ಮೈ ಜುಮ್ಮೆಂದಿತು. ತಿರುಗಿ ನೋಡಿದರೆ, ಹಸಿರು ಕೊಂಬೆಗಳ ಕೆಳಗೆ ಇಪ್ಪತ್ತು ಜಿಂಕೆಗಳು ಮೇಯದೆ ನಿಂತು ಅವಳನ್ನೇ ನೋಡುತ್ತಿದ್ದವು.

"ಮರಗಳು ಗಾಳೀಲಿ ಒಂದಕ್ಕೊಂದು ಹೇಳ್ಕೊಂಡು ಎಲೆ ಕೆಡಿಸ್ಕೊಳ್ತಾವೆ ಸಾರ್. ಜಿಂಕೆಗಳನ್ನ ಹೊರಗೆ ಬಿಡಿ."

"ಬಿಸಿಲಿಗೆ ತಲೆ ಕೆಟ್ಟಿದೆ ನಿಂಗೆ," ಎಂದರು ಮೇಲ್ವಿಚಾರಕರು. "ಹೋಗಿ ನೆರಳಲ್ಲಿ ಕೂತ್ಕೋ."

ಆ ಮರಗಳ ನೆರಳೇ ಅವಳಿಗೆ ಬೇಡವಾಗಿತ್ತು. ಮರುದಿನ ಬೆಳಿಗ್ಗೆ ಹನ್ನೊಂದು ಜಿಂಕೆಗಳು ಸತ್ತು ಬಿದ್ದಿದ್ದವು. ಅವಳು ಯಾರನ್ನೂ ಕೇಳಲಿಲ್ಲ. ಗಾಳಿ ಬರುತ್ತಿದ್ದ ಕಡೆ, ಕಂಬದಿಂದ ಕಂಬಕ್ಕೆ ತಂತಿ ಕತ್ತರಿಸಿದಳು. ಮಧ್ಯಾಹ್ನದವರೆಗೆ ಒಂದು ಜಿಂಕೆಯೂ ಅಲ್ಲಾಡಲಿಲ್ಲ. ಆಮೇಲೆ ಒಂದು ಮುದಿ ಹೆಣ್ಣು ಜಿಂಕೆ ಹೊರಗೆ ಕಾಲಿಟ್ಟಿತು. ಉಳಿದವು ಸಾಲಾಗಿ, ಸದ್ದಿಲ್ಲದೆ, ಗಾಳಿಗೆ ಮುಖವೊಡ್ಡಿ ನಡೆದವು. ಅವುಗಳ ಮೈ ಅವಳ ಸೀರೆಗೆ ತಾಗಿದರೂ ಒಂದೂ ಬೆದರಲಿಲ್ಲ.

"ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ!" ಎಂದು ಮೇಲ್ವಿಚಾರಕರು ಕೂಗಾಡಿ, ಅವಳನ್ನು ಕೆಲಸದಿಂದ ತೆಗೆದರು. ಸಾವು ಮಾತ್ರ ಅಲ್ಲಿಗೇ ನಿಂತಿತು. ಮೂರು ವಾರದ ನಂತರ, ಡಾಕ್ಟರು ಬೇಲಿಯ ಒಳಗಿನಿಂದಲೂ ಹೊರಗಿನಿಂದಲೂ ಕಿತ್ತು ಪರೀಕ್ಷೆಗೆ ಕಳಿಸಿದ್ದ ಎಲೆಗಳ ವರದಿ ಬಂತು: ಒಳಗಿನ ಎಲೆಗಳಲ್ಲಿ ಹೊರಗಿನವಕ್ಕಿಂತ ನಾಲ್ಕು ಪಟ್ಟು ಒಗರಿನ ಅಂಶ, ಅದು ಹೊಟ್ಟೆಯಲ್ಲಿ ಏನನ್ನೂ ಅರಗಲು ಬಿಡುವುದಿಲ್ಲ.

ಅವಳನ್ನು ಮತ್ತೆ ಕರೆದರು, ಈ ಸಲ ಬೇಲಿ ಕೀಳಲಿಕ್ಕೆ. ಒಪ್ಪಿದಳು. ಕಂಬ ಕಿತ್ತು ಮುಗಿಸಲು ಇಡೀ ಮಳೆಗಾಲ ಹಿಡಿಯಿತು. ಆದರೆ ಆ ಮರಗಳ ನಡುವೆ ಒಬ್ಬಳೇ ಹೋಗಲು ಅವಳಿಗೆ ಧೈರ್ಯ ಬರಲಿಲ್ಲ. ದಿನವೂ ಮಗಳನ್ನು ಜೊತೆಗೆ ಕರೆದುಕೊಂಡೇ ಹೋಗುತ್ತಿದ್ದಳು.