ಮೇಘಶ್ರೀ ನಗು ನಿಲ್ಲಿಸಿದ್ದು

ಮೇಘಶ್ರೀ ಗೋಣಿಬೀಡಿನಲ್ಲಿ ನಕ್ಕರೆ ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ತೂಕಡಿಸುತ್ತಿದ್ದ ಕಂಡಕ್ಟರ್ ಬೆಚ್ಚಿ ಎದ್ದು ವಿಷಲ್ ಊದುತ್ತಿದ್ದ. ಅಂಥವಳು ಆರು ತಿಂಗಳ ಬಸುರಿಯಾದಾಗ ನಗುವುದನ್ನೇ ನಿಲ್ಲಿಸಿದಳು. ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಕೆಲಸ ಅವಳದು. ಬೆಳಿಗ್ಗೆ ಆಳುಗಳ ಹಾಜರಿ ಕೂಗುವಾಗ ಮೇಸ್ತ್ರಿ ಬಿಡುವ ಹಾಸ್ಯಕ್ಕೆ ಕಾಫಿ ಗಿಡಗಳೂ ಕುಲುಕಿ ಹಣ್ಣು ಉದುರಿಸುತ್ತಿದ್ದವು. ಇವಳ ಮುಖ ಮಾತ್ರ ಕಲ್ಲು. ಕೊಬ್ಬು ಅಂದರು ಜನ. ಅತ್ತೆ ತಂಗಮ್ಮ ದೃಷ್ಟಿ ತೆಗೆದರು.

ಕಾರಣ ಬೇರೆಯೇ ಇತ್ತು. ನಕ್ಕರೆ, ಕೆಮ್ಮಿದರೆ, ಸೀನಿದರೆ ಮೂತ್ರ ಸೋರುತ್ತಿತ್ತು. ಯಾರಿಗೂ ಹೇಳದೆ ನೀರು ಕುಡಿಯುವುದನ್ನೇ ಬಿಟ್ಟಳು. ಉರಿ ಶುರುವಾಯಿತು, ಸೋರಿಕೆ ಹೆಚ್ಚಿತು. ಅಷ್ಟರಲ್ಲಿ ಮನೆಯವರು ಸೀಮಂತ ನಿಶ್ಚಯಿಸಿದರು. ಅತ್ತೆಯ ಧಾರೆ ಸೀರೆ ಉಟ್ಟು ಊರ ಹೆಂಗಸರ ಮುಂದೆ ಮಣೆಯ ಮೇಲೆ ಕೂರಬೇಕು. ಎಲ್ಲರ ಆರತಿ ಮುಗಿಯುವವರೆಗೆ ಏಳುವಂತಿಲ್ಲ. ಗಂಡ ಅಶ್ವಿನ್‌ನ ಹೆಸರು ಹೇಳಿಸುತ್ತಾರೆ, ನಗಿಸದೆ ಬಿಡುವುದಿಲ್ಲ. ಸೀರೆ ಒದ್ದೆಯಾದರೆ?

ಚಿಕ್ಕಮಗಳೂರಿಗೆ ಚೆಕಪ್‌ಗೆ ಹೋದಾಗ ಡಾಕ್ಟರಮ್ಮನಿಗೆ ತಲೆ ತಗ್ಗಿಸಿ ಹೇಳಿದಳು. ಅವರು ಉರಿಗೆ ಔಷಧ ಕೊಟ್ಟು, ಪಿಲಾಟೀಸ್ ವ್ಯಾಯಾಮ ಕಲಿಸುವ ಫಿಸಿಯೋ ಸುಪ್ರಿಯಾಳ ಬಳಿಗೆ ಕಳಿಸಿದರು. ಸುಪ್ರಿಯಾ ಮೊದಲು ಒಂದು ಲೋಟ ನೀರು ಕುಡಿಸಿದಳು. ಆಮೇಲೆ ಆನೆಮರಿಯಷ್ಟು ದೊಡ್ಡ ಚೆಂಡಿನ ಮೇಲೆ ಕೂರಿಸಿದಳು. ಉಸಿರು ಬಿಡುತ್ತ, ಮೂತ್ರ ತಡೆಯುವ ಸ್ನಾಯುಗಳನ್ನು ಬಾವಿಯಿಂದ ಕೊಡ ಸೇದಿದಂತೆ ಮೇಲೆಳೆಯಬೇಕು; ನಗುವಿಗೆ, ಸೀನಿಗೆ ಮುಂಚೆಯೂ ಹಾಗೆಯೇ.

"ಕೊಡ ಮೇಲೇ ಹಿಡ್ಕೊಂಡು ಕೂರ್ಬೇಡಿ. ನಿಧಾನ ಇಳಿಸೋದೂ ವ್ಯಾಯಾಮವೇ."

ಹಾಜರಿಯಲ್ಲಿ ಹೆಸರಿಗೂ ಹೆಸರಿಗೂ ನಡುವೆ ಮೇಘಶ್ರೀ ಕೊಡ ಸೇದಿದಳು, ಇಳಿಸಿದಳು. ಎದುರು ನಿಂತ ಮೇಸ್ತ್ರಿಗೂ ತಿಳಿಯಲಿಲ್ಲ. ವಾರಗಳು ಕಳೆದಂತೆ ಸೋರಿಕೆ ಕಡಿಮೆಯಾಯಿತು; ಪೂರ್ತಿ ನಿಂತಿತೆಂದು ನಂಬಿಕೆ ಬರಲಿಲ್ಲ.

ಸೀಮಂತದ ದಿನ ಆರತಿಗೆ ಬಂದವರು ಸಿದ್ದಗಂಗಮ್ಮಜ್ಜಿ. ಅವರ ಮಾತಿಗೆ ಚಟ್ಟದ ಮೇಲಿನ ಹೆಣವೂ ಹಲ್ಲು ಕಿರಿದೀತು. ಅಜ್ಜಿ ಹೊಟ್ಟೆಯನ್ನೇ ನೋಡಿದರು.

"ಗಂಡನ ಹೆಸರು ಹೇಳು ಮಾರಾಯ್ತಿ. ಇದನ್ನ ನೋಡಿದ್ರೆ ಅವನೇ ಒಳಗೆ ಹೋಗಿ ಕೂತ ಹಾಗಿದೆ. ಕರೆದ್ರೆ ಓ ಅಂತಾನೇನೋ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಮೇಘಶ್ರೀಯ ಹೊಕ್ಕುಳಿನಿಂದ ನಗು ಏಳತೊಡಗಿತು. ಮುಖ ಬಿಗಿಯಿತು. ಉಸಿರು ಬಿಟ್ಟಳು, ಕೊಡ ಎಳೆದಳು. ಹೆರಿಗೆ ನೋವೇನೋ ಎಂದು ತಂಗಮ್ಮ ಆರತಿ ತಟ್ಟೆ ಕೆಳಗಿಟ್ಟರು. ನಗು ಸಿಡಿಯಿತು, ದೀಪಗಳೆಲ್ಲ ಒಮ್ಮೆ ಬಗ್ಗಿ ಎದ್ದವು. ಮೇಘಶ್ರೀ ಕಾದಳು. ಸೀರೆ ಒಣಗಿಯೇ ಇತ್ತು.

ಕುಂಕುಮ ಇಡುವ ನೆಪದಲ್ಲಿ ತಂಗಮ್ಮ ಬಗ್ಗಿ, ನೋವು ಬಂತಾ ಎಂದು ಕೇಳಿದರು. ಸೊಸೆ ಕಿವಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಂಗಮ್ಮ ಕುಂಕುಮ ಇಟ್ಟು, ಸೊಸೆಯ ಕಿವಿಗೆ ಬಾಯಿ ತಂದರು.

"ಅಶ್ವಿನ್ ಹುಟ್ಟಿದಾಗಿಂದ ನಂಗೆ ಸೀನೋಕೆ ಹೆದ್ರಿಕೆ," ಎಂದು ಪಿಸುಗುಟ್ಟಿದರು. "ಆ ಕೊಡ ಸೇದೋದು ನಂಗೂ ತೋರ್ಸು."

ಮರುದಿನ ಅಡಿಗೆಮನೆಯಲ್ಲಿ ಹೆಂಡತಿ, ತಾಯಿ ಇಬ್ಬರೂ ಎದುರುಬದುರು ಕೂತು, ಮಾತಿಲ್ಲದೆ ಬುಸ್ ಎಂದು ಉಸಿರು ಬಿಡುತ್ತಿದ್ದುದನ್ನು ಕಂಡ ಅಶ್ವಿನ್, ಮಹಾಜಗಳವೆಂದು ಹೆದರಿ, ಕಾಫಿಯನ್ನು ತಾನೇ ಕಾಯಿಸಿಕೊಂಡ.